ಇಂಟರ್ನೆಟ್ಟಿನ ಶಾನುಭೋಗ: ಜಾನ್ ಪೋಸ್ಟೆಲ್

ಕಳೆದ ಸೆಮಿಸ್ಟರ್‌ನಲ್ಲಿ ನೆಟ್‌ವರ್ಕ್ಸ್ ಲ್ಯಾಬಿಗೆ ಅಂತ ನಾವು ಮೂವರು ಸೇರಿ ಒಂದು ಪುಟ್ಟ ವೆಬ್ ಸರ್ವರ್ ಬರೆದೆವು. ಪರೀಕ್ಷೆಗೆ ಇರಲಿ ಅಂತ ನಮ್ಮ ಸಂಘದ ಒಂದು ಹಳೆಯ ಲೇಖನವನ್ನೇ ಅದರೊಳಗೆ ಹಾಕಿದೆವು. ಬ್ರೌಸರ್ ತೆರೆದು ನೋಡಿದರೆ ಲೇಖನದ ಬದಲು ಬರೀ ಟ್ಯಾಗುಗಳ ಮೆರವಣಿಗೆ! ಕೋಡನ್ನು ತಿರುಗಿಸಿ ಮುರುಗಿಸಿ ನೋಡಿದ್ದಾಯಿತು, ಸಾಕೆಟ್ ಸರಿ ಇದೆ, ಫೈಲ್ ಸರಿ ಇದೆ. ಎರಡು ಗಂಟೆ ಕಳೆದ ಮೇಲೆ ಗೊತ್ತಾಗಿದ್ದು ಇಷ್ಟು: ಉತ್ತರದ ಜೊತೆ ಸರ್ವರ್ ಕಳಿಸುವ ಕಂಟೆಂಟ್-ಟೈಪ್ ಅನ್ನೋ ಸಾಲಿನಲ್ಲಿ ಟೆಕ್ಸ್ಟ್/ಎಚ್‌ಟಿಎಂಎಲ್ ಅಂತ ಬರೆಯುವ ಕಡೆ ನಾವು ಟೆಕ್ಸ್ಟ್/ಪ್ಲೇನ್ ಅಂತ ಬರೆದಿದ್ದೆವು. ಅದನ್ನು ತಿದ್ದಿದೆವು. ಪುಟವೇನೋ ಬಂತು, ಆದರೆ ಕನ್ನಡದ ಒಂದೊಂದು ಅಕ್ಷರದ ಜಾಗದಲ್ಲೂ ತಲೆಬುಡವಿಲ್ಲದ ಮೂರು ಮೂರು ಯುರೋಪಿನ ಚಿಹ್ನೆಗಳು. ಅದೇ ಸಾಲಿನ ಕೊನೆಯಲ್ಲಿ ಕ್ಯಾರಕ್ಟರ್ ಸೆಟ್ ಯುಟಿಎಫ್-8 ಅಂತ ಸೇರಿಸಿದ ಮೇಲೆ ಕನ್ನಡ ಕನ್ನಡವಾಯಿತು.

ಒಂದು ಸಾಲು. ಅದರಲ್ಲಿ ಎರಡು ಹೆಸರು. ಇಷ್ಟಕ್ಕೇ ಇಷ್ಟು ರಗಳೆ! ಈ ಹೆಸರುಗಳನ್ನು ಯಾರು ಇಟ್ಟರು, ಇವುಗಳ ಪಟ್ಟಿ ಎಲ್ಲಿದೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದವರು ಜಾನ್ ಪೋಸ್ಟೆಲ್. ಉದ್ದ ಗಡ್ಡ, ಕಾಲಿಗೆ ಸ್ಯಾಂಡಲ್, ನೋಡಿದರೆ ಯಾವುದೋ ಆಶ್ರಮದವರು ಅನ್ನಿಸುವ ವೇಷ. ನಮ್ಮ ಸಿಲಬಸ್ಸಿನ ಅರ್ಧ ಪಾಠಗಳ ಹಿಂದೆ ಈ ಮನುಷ್ಯನ ಕೈ ಇದೆ. ಆದರೂ ನಮ್ಮಲ್ಲಿ ಎಷ್ಟು ಜನಕ್ಕೆ ಇವರ ಹೆಸರು ಗೊತ್ತು?

ಹಳೆಯ ಕಾಲದ ಊರುಗಳಲ್ಲಿ ಶಾನುಭೋಗರು ಇರುತ್ತಿದ್ದರಲ್ಲ, ಯಾವ ಸರ್ವೆ ನಂಬರು ಯಾರ ಹೆಸರಿನಲ್ಲಿದೆ ಅಂತ ಬರೆದಿಡುವವರು. ಜಮೀನು ಅವರದ್ದಲ್ಲ, ಉಳುವವರೂ ಅವರಲ್ಲ. ಆದರೆ ಅವರ ಕಡತ ಇಲ್ಲದೆ ಊರಿನ ವ್ಯವಹಾರವೇ ನಡೆಯುತ್ತಿರಲಿಲ್ಲ. ಇಂಟರ್ನೆಟ್ಟಿಗೆ ಜಾನ್ ಪೋಸ್ಟೆಲ್ ಅಂಥ ಶಾನುಭೋಗರು.

ನೋಟ್‌ಬುಕ್ಕಿನಿಂದ ಶುರು

ಜೊನಾಥನ್ ಬ್ರೂಸ್ ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಓದಿದ್ದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಅಂದರೆ ಯುಸಿಎಲ್‌ಎಯಲ್ಲಿ. 1966ರಲ್ಲಿ ಎಂಜಿನಿಯರಿಂಗ್ ಪದವಿ, 1968ರಲ್ಲಿ ಸ್ನಾತಕೋತ್ತರ ಪದವಿ. ಅಲ್ಲೇ ಲೆನಾರ್ಡ್ ಕ್ಲೈನ್‌ರಾಕ್ ಅವರ ನೆಟ್‌ವರ್ಕ್ ಮಾಪನ ಕೇಂದ್ರದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿಕೊಂಡರು. 1969ರ ಅಕ್ಟೋಬರ್ 29ರಂದು ಆರ್ಪಾನೆಟ್ಟಿನ ಮೊದಲ ಸಂದೇಶ ಹೊರಟಿದ್ದು ಇದೇ ಪ್ರಯೋಗಾಲಯದಿಂದ. ಲಾಗಿನ್ ಎಂಬ ಪದದ ಎರಡಕ್ಷರ ಹೋಗುವಷ್ಟರಲ್ಲಿ ಆ ಕಡೆಯ ಯಂತ್ರ ಮಲಗಿಬಿಟ್ಟಿತು ಅನ್ನೋ ಕಥೆ ನಿಮಗೆ ಗೊತ್ತೇ ಇರುತ್ತೆ.

ಆ ಕಾಲದಲ್ಲಿ ಒಂದು ಕಂಪ್ಯೂಟರಿನಂತೆ ಇನ್ನೊಂದು ಇರುತ್ತಿರಲಿಲ್ಲ. ಒಂದರಲ್ಲಿ ಪದಕ್ಕೆ 32 ಬಿಟ್, ಇನ್ನೊಂದರಲ್ಲಿ 36. ಒಂದು ಕಡೆ ಆಸ್ಕಿ, ಐಬಿಎಂ ಯಂತ್ರಗಳಲ್ಲಿ ಎಬ್ಸಿಡಿಕ್. ಇವೆಲ್ಲ ಒಂದರೊಡನೊಂದು ಮಾತಾಡಬೇಕು ಅಂದರೆ ಒಪ್ಪಂದಗಳು ಬೇಕು. ಆ ಒಪ್ಪಂದಗಳನ್ನು ಬರೆದಿಡೋಕೆ ಅಂತ ಪೋಸ್ಟೆಲ್ಲರ ಸಹಪಾಠಿ ಸ್ಟೀವ್ ಕ್ರಾಕರ್ 1969ರ ಏಪ್ರಿಲ್‌ನಲ್ಲಿ ಒಂದು ಟಿಪ್ಪಣಿ ಬರೆದರು. ಅದೇ ಮೊದಲನೆಯ ಆರ್‌ಎಫ್‌ಸಿ. ಆದೇಶ ಹೊರಡಿಸುವ ಧಾಟಿ ಬೇಡ, ನಿಮ್ಮ ಅಭಿಪ್ರಾಯ ಹೇಳಿ ಅಂತ ವಿನಯವಾಗಿ ಕೇಳುವ ಹೆಸರು ಅದಕ್ಕೆ. ಈ ಟಿಪ್ಪಣಿಗಳನ್ನು ಜೋಡಿಸಿ, ತಿದ್ದಿ, ನಂಬರ್ ಹಾಕಿ ಹಂಚುವ ಕೆಲಸ ಬಹುಬೇಗ ಪೋಸ್ಟೆಲ್ಲರ ಹೆಗಲಿಗೆ ಬಿತ್ತು. ಸಾಯುವವರೆಗೂ ಅವರು ಅದನ್ನು ಇಳಿಸಲಿಲ್ಲ.

ನಂಬರುಗಳ ಕಥೆಯೂ ಹೀಗೇ. ಯಾವ ಸೇವೆಗೆ ಯಾವ ಸಾಕೆಟ್ ಸಂಖ್ಯೆ ಅನ್ನೋದು ಒಬ್ಬೊಬ್ಬರ ಕೈಲಿ ಒಂದೊಂದು ಆಗುತ್ತಿತ್ತು. 1972ರ ಮೇ ತಿಂಗಳಲ್ಲಿ ಪೋಸ್ಟೆಲ್ ಒಂದು ಚಿಕ್ಕ ಆರ್‌ಎಫ್‌ಸಿ ಬರೆದು, ಈ ಸಂಖ್ಯೆಗಳನ್ನು ಕೊಡೋಕೆ ಒಬ್ಬ ಯಜಮಾನ ಇರಲಿ ಅಂತ ಸೂಚಿಸಿದರು. ಆ ಯಜಮಾನ ನಾನೇ ಆಗಲೇ ಅಂತ ಪಕ್ಕದಲ್ಲೇ ಒಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಕೇಳಿದರು. ಬೇಡ ಅನ್ನುವವರು ಯಾರೂ ಇರಲಿಲ್ಲ. ಅರ್ಧ ತಮಾಷೆಗೆ ಶುರುವಾದದ್ದು 26 ವರ್ಷದ ಕಾಯಕವಾಯಿತು.

1974ರಲ್ಲಿ ಅವರಿಗೆ ಪಿಎಚ್‌ಡಿ ಸಿಕ್ಕಿತು. ಪ್ರೊಟೊಕಾಲ್‌ಗಳನ್ನು ಗ್ರಾಫ್ ಮಾದರಿಯಲ್ಲಿ ಬಿಡಿಸಿ ಅವು ಎಲ್ಲಾದರೂ ಸಿಕ್ಕಿಹಾಕಿಕೊಳ್ಳುತ್ತವಾ ಅಂತ ಪರೀಕ್ಷಿಸುವುದು ಪ್ರಬಂಧದ ವಿಷಯ. ಕೆಲವು ವರ್ಷ ಬೇರೆ ಬೇರೆ ಕಡೆ ಕೆಲಸ ಮಾಡಿ, 1977ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಗೆ, ಅಂದರೆ ಐಎಸ್‌ಐಗೆ ಬಂದರು. ಮರೀನಾ ಡೆಲ್ ರೇ ಎಂಬ ಕಡಲ ಬದಿಯ ಊರಿನಲ್ಲಿದ್ದ ಆ ಕಚೇರಿಯೇ ಕೊನೆವರೆಗೂ ಅವರ ಠಾವು. ಅವರ ಜೊತೆ ಬಹುಕಾಲ ಈ ಪಟ್ಟಿ ನೋಡಿಕೊಂಡವರು ಜಾಯ್ಸ್ ರೆನಾಲ್ಡ್ಸ್.

ನಮ್ಮ ಸಿಲಬಸ್ಸಿನ ತುಂಬ ಅವರೇ

ಯುಡಿಪಿ, 1980. ಐಪಿ, ಐಸಿಎಂಪಿ, ಟಿಸಿಪಿ, ಮೂರೂ 1981ರ ಸೆಪ್ಟೆಂಬರ್. ಇಮೇಲ್ ಸಾಗಿಸುವ ಎಸ್‌ಎಂಟಿಪಿ, 1982. ಈ ದಾಖಲೆಗಳನ್ನೆಲ್ಲ ಬರೆದ ಅಥವಾ ಸಂಪಾದಿಸಿದ ಕೈ ಒಂದೇ. ಹಳೆಯ ಪ್ರೊಟೊಕಾಲ್ ಬಿಟ್ಟು ಇಡೀ ಆರ್ಪಾನೆಟ್ 1983ರ ಜನವರಿ 1ಕ್ಕೆ ಟಿಸಿಪಿ/ಐಪಿಗೆ ಬದಲಾಗುವ ಯೋಜನೆ ಬರೆದವರೂ ಅವರೇ. ಯಂತ್ರಗಳ ಹೆಸರಿನ ಪಟ್ಟಿ ಕೈಮೀರಿ ಬೆಳೆದಾಗ ಇದಕ್ಕೊಂದು ದಾರಿ ಹುಡುಕಯ್ಯಾ ಅಂತ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಅವರಿಗೆ ಕೆಲಸ ಹಚ್ಚಿದರು. ಅದರಿಂದ 1983ರಲ್ಲಿ ಡಿಎನ್‌ಎಸ್ ಹುಟ್ಟಿತು. 1984ರಲ್ಲಿ ಡಾಟ್ ಕಾಮ್, ಡಾಟ್ ಎಜು, ಡಾಟ್ ಆರ್ಗ್ ಇತ್ಯಾದಿಗಳನ್ನು ವಿವರಿಸಿದ ದಾಖಲೆ ಪೋಸ್ಟೆಲ್ ಮತ್ತು ರೆನಾಲ್ಡ್ಸ್ ಅವರದ್ದು.

ದೇಶಗಳ ಹೆಸರಿನ ವಿಷಯದಲ್ಲಿ ಅವರ ಜಾಣತನ ನೋಡಿ. ಯಾವುದು ದೇಶ, ಯಾವುದು ಅಲ್ಲ ಅಂತ ತೀರ್ಮಾನಿಸೋಕೆ ಕೂತರೆ ಜಗಳಕ್ಕೆ ಕೊನೆಯೇ ಇಲ್ಲ. ಆ ಉಸಾಬರಿ ತಮ್ಮದಲ್ಲ ಅಂತ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಎರಡಕ್ಷರದ ಪಟ್ಟಿಯನ್ನೇ ಹಾಗೇ ಎತ್ತಿಕೊಂಡರು. ನಮ್ಮ ಡಾಟ್ ಇನ್ ಕೂಡ 1989ರಲ್ಲಿ ಹೀಗೇ ಆ ಕಡತಕ್ಕೆ ಸೇರಿತು.

ಹಾಳಾದ ಚಿತ್ರಗಳ ರಹಸ್ಯ

ಈಗ ಫೈಲುಗಳ ವಿಷಯಕ್ಕೆ ಬರೋಣ. 90ರ ದಶಕದಲ್ಲಿ ವೆಬ್ ಪುಟ ಮಾಡಿದ ಯಾರನ್ನಾದರೂ ಕೇಳಿ, ಇದು ಅವರ ನೆನಪಿನಲ್ಲಿ ಇದ್ದೇ ಇರುತ್ತೆ. ಮನೆಯ ಕಂಪ್ಯೂಟರಿನಲ್ಲಿ ಚಿತ್ರ ಚೆನ್ನಾಗಿ ಕಾಣುತ್ತಿರುತ್ತೆ. ಎಫ್‌ಟಿಪಿಯಲ್ಲಿ ಸರ್ವರ್‌ಗೆ ಏರಿಸಿದ ಮೇಲೆ ನೋಡಿದರೆ ಅರ್ಧ ಚಿತ್ರ, ಅಥವಾ ಮುರಿದ ಚಿತ್ರದ ಗುರುತು. ಫೈಲಿನ ಗಾತ್ರ ಕೆಲವೇ ಬೈಟುಗಳಷ್ಟು ಹೆಚ್ಚು ಕಡಿಮೆ ಆಗಿರುತ್ತೆ. ಏನಾಯಿತು?

ಎಫ್‌ಟಿಪಿಯ ಮೊದಲ ರೂಪವನ್ನು 1971ರಲ್ಲಿ ಬರೆದವರು ನಮ್ಮ ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್. ಅದು ಹಲವು ಸಲ ತಿದ್ದುಪಡಿಯಾಗಿ, ಇಂದಿಗೂ ಆಧಾರವಾಗಿರುವ ರೂಪ ಪಡೆದದ್ದು 1985ರ ಅಕ್ಟೋಬರ್‌ನಲ್ಲಿ ಪೋಸ್ಟೆಲ್ ಮತ್ತು ರೆನಾಲ್ಡ್ಸ್ ಬರೆದ ಆರ್‌ಎಫ್‌ಸಿ 959ರಲ್ಲಿ. ಅದರಲ್ಲಿ ಫೈಲ್ ಕಳಿಸುವ ಮುನ್ನ ಅದರ ಬಗೆ ಹೇಳಬೇಕು. ಆಸ್ಕಿ ಅಂದರೆ ಪಠ್ಯ, ಇಮೇಜ್ ಅಂದರೆ ಇದ್ದ ಬಿಟ್ಟು ಇದ್ದ ಹಾಗೆ. ಏನೂ ಹೇಳದಿದ್ದರೆ ಆಸ್ಕಿ ಅಂತಲೇ ಲೆಕ್ಕ. ಪಠ್ಯವಾದರೆ ಸಾಲಿನ ಕೊನೆಯ ಗುರುತನ್ನು ಆಯಾ ಯಂತ್ರಕ್ಕೆ ತಕ್ಕಂತೆ ಬದಲಿಸಬೇಕು, ಯಾಕಂದರೆ ಯುನಿಕ್ಸಿನಲ್ಲಿ ಅದು ಒಂದು ಬೈಟ್ (10), ಡಾಸ್ ಮತ್ತು ವಿಂಡೋಸಿನಲ್ಲಿ ಎರಡು (13, 10). ಆ ಕಾಲಕ್ಕೆ ಇದು ಉಪಕಾರವೇ. ಸಾಗಿಸುವ ಫೈಲುಗಳಲ್ಲಿ ಹೆಚ್ಚಿನವು ಪಠ್ಯವೇ ಆಗಿದ್ದವು.

ಆದರೆ ಚಿತ್ರವನ್ನು ಪಠ್ಯ ಅಂತ ಹೇಳಿ ಕಳಿಸಿದರೆ? ಚಿತ್ರದೊಳಗೆ ಅಕಸ್ಮಾತ್ ಇರುವ ಒಂದೊಂದು 13, 10 ಜೋಡಿಯೂ ಸಾಲಿನ ಕೊನೆ ಅಂತಲೇ ಲೆಕ್ಕಕ್ಕೆ ಬಂದು ಕತ್ತರಿ ಬೀಳುತ್ತೆ. ಆಗಿನ ಕನ್ನಡ ತಾಣಗಳು ಓದುಗರಿಗೆ ತಮ್ಮದೇ ಫಾಂಟ್ ಇಳಿಸಿಕೊಳ್ಳಿ ಅನ್ನುತ್ತಿದ್ದ ಕಾಲ. ಫಾಂಟಿನ ಫೈಲು ಹೀಗೆ ಕೆಟ್ಟರೆ ಇಡೀ ತಾಣವೇ ಓದಲಾಗದು. ಪರಿಹಾರ ಮಾತ್ರ ಒಂದೇ ಪದ: ಕಳಿಸುವ ಮುನ್ನ ಬೈನರಿ ಅಂತ ಟೈಪ್ ಮಾಡುವುದು.

ಈ ಕಾಟಕ್ಕೆ ಬೇಸತ್ತವರು ಒಂದು ಚಂದದ ಉಪಾಯ ಮಾಡಿದರು. 1996ರಲ್ಲಿ ಬಂದ ಪಿಎನ್‌ಜಿ ಚಿತ್ರದ ಮೊದಲ ಎಂಟು ಬೈಟ್ ಬಿಚ್ಚಿ ನೋಡಿ: 137, ಆಮೇಲೆ ಪಿ ಎನ್ ಜಿ ಮೂರಕ್ಷರ, ಆಮೇಲೆ 13, 10, 26, 10. 137 ಇಟ್ಟಿದ್ದು 7 ಬಿಟ್ ದಾರಿಯಲ್ಲಿ ಬಂದಿದ್ದರೆ ಸಿಕ್ಕಿಬೀಳಲಿ ಅಂತ. 13, 10 ಜೋಡಿ ಮತ್ತು ಕೊನೆಯ ಒಂಟಿ 10 ಇಟ್ಟಿದ್ದು ಯಾರಾದರೂ ಆಸ್ಕಿ ಅಂತ ಕಳಿಸಿದ್ದರೆ ಮೊದಲ ನೋಟಕ್ಕೇ ಗೊತ್ತಾಗಲಿ ಅಂತ. ಸಾವಿರಾರು ಜನರ ಕೆಟ್ಟ ಅಪ್‌ಲೋಡುಗಳ ಅನುಭವ ಆ ಎಂಟು ಬೈಟಿನಲ್ಲಿ ಕೂತಿದೆ.

ಬಗೆಗಳ ಕಡತ

ಇಮೇಲಿನಲ್ಲಿ ಚಿತ್ರ, ಧ್ವನಿ ಕಳಿಸಬೇಕು ಅನ್ನೋ ಆಸೆಯಿಂದ 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಮೈಮ್ ಎಂಬ ಏರ್ಪಾಡು ಬರೆದರು. ಪ್ರತಿ ತುಂಡಿನ ಮೇಲೂ ಇದು ಏನು ಅಂತ ಎರಡು ಭಾಗದ ಹೆಸರಿರಬೇಕು. ಇಮೇಜ್/ಜಿಐಎಫ್, ಟೆಕ್ಸ್ಟ್/ಪ್ಲೇನ್ ಹೀಗೆ. ಅಷ್ಟರಲ್ಲಿ ವೆಬ್ ಬಂತು. ಅದಕ್ಕೂ ಇದೇ ಹೆಸರುಗಳು ಹಿಡಿಸಿದವು. ಆದರೆ ಹೊಸ ಹೊಸ ಬಗೆಗಳನ್ನು ತಲೆಗೊಬ್ಬರು ಇಟ್ಟುಕೊಂಡು ಹೋದರೆ ಗತಿ ಏನು? 1994ರ ಮಾರ್ಚ್‌ನಲ್ಲಿ ಪೋಸ್ಟೆಲ್ ಒಬ್ಬರೇ ಒಂದು ಚಿಕ್ಕ ದಾಖಲೆ ಬರೆದರು, ಆರ್‌ಎಫ್‌ಸಿ 1590. ಈ ಹೆಸರುಗಳನ್ನು ಇಮೇಲ್ ಅಷ್ಟೇ ಅಲ್ಲ, ಬೇರೆ ಪ್ರೊಟೊಕಾಲ್‌ಗಳೂ ಬಳಸುತ್ತಿವೆ, ಆದ್ದರಿಂದ ಮೀಡಿಯಾ ಟೈಪ್ ಅಂತ ಕರೆಯೋಣ. ಹೊಸದು ಬೇಕಾದವರು ಮೊದಲು ಬಲ್ಲವರ ಮುಂದಿಟ್ಟು ಚರ್ಚಿಸಿ, ಆಮೇಲೆ ಐಯಾನಾಕ್ಕೆ ಬರೆದು ನೋಂದಾಯಿಸಲಿ. ಇದು ಅದರ ತಿರುಳು. ಐಯಾನಾ ಅಂದರೆ ಇಂಟರ್ನೆಟ್ಟಿನ ಅಂಕಿಗಳನ್ನು ಹಂಚುವ ಪ್ರಾಧಿಕಾರ. ಹೆಸರು ಕೇಳಿ ದೊಡ್ಡ ಕಟ್ಟಡ ಊಹಿಸಬೇಡಿ. ಆಗಿನ ಐಯಾನಾ ಅಂದರೆ ಹೆಚ್ಚುಕಮ್ಮಿ ಪೋಸ್ಟೆಲ್, ರೆನಾಲ್ಡ್ಸ್ ಮತ್ತು ಬೆರಳೆಣಿಕೆಯ ಸಂಗಾತಿಗಳು.

ಅವರು ಎಷ್ಟು ಸರಳವಾಗಿ ಕೆಲಸ ಮಾಡುತ್ತಿದ್ದರು ಅನ್ನೋಕೆ ಒಂದು ಉದಾಹರಣೆ. 1995ರ ಜುಲೈನಲ್ಲಿ ಫಿನ್ಲೆಂಡಿನ ತಾತು ಯಿಲೋನೆನ್ ತಾವು ಬರೆದ ಎಸ್‌ಎಸ್‌ಎಚ್ ಎಂಬ ಪ್ರೋಗ್ರಾಮಿಗೆ ಒಂದು ಪೋರ್ಟ್ ಬೇಕು ಅಂತ ಇಮೇಲ್ ಮಾಡಿದರು. ಎಫ್‌ಟಿಪಿ 21, ಟೆಲ್ನೆಟ್ 23, ನಡುವೆ 22 ಖಾಲಿ ಇತ್ತು. ಮಾರನೇ ದಿನವೇ ರೆನಾಲ್ಡ್ಸ್ ಅವರಿಂದ ಉತ್ತರ ಬಂತು, 22 ನಿಮ್ಮದು ಅಂತ. ಫೀಸಿಲ್ಲ, ಫಾರ್ಮಿನ ಮೇಲೆ ಫಾರ್ಮಿಲ್ಲ. ನಾವು ಈಗಲೂ ದಿನಾ ಆ ಬಾಗಿಲಿನಿಂದಲೇ ಸರ್ವರ್ ಒಳಗೆ ಹೋಗುತ್ತೇವೆ.

ಕಡತದಲ್ಲಿ ಬರೆದದ್ದು ಎಲ್ಲ ಸರ್ವರ್‌ಗಳಿಗೂ ತಲುಪಬೇಕಲ್ಲ, ತೊಂದರೆ ಇದ್ದದ್ದು ಅಲ್ಲೇ. ಎನ್‌ಸಿಎಸ್‌ಎ, ಆಮೇಲೆ ಅಪಾಚೆ ಸರ್ವರ್‌ಗಳಲ್ಲಿ ಮೈಮ್ ಡಾಟ್ ಟೈಪ್ಸ್ ಎಂಬ ಫೈಲ್ ಇರುತ್ತಿತ್ತು. ಹೆಸರಿನ ಬಾಲ ನೋಡಿ ಬಗೆ ಹೇಳುವ ಕೋಷ್ಟಕ ಅದು. ಡಾಸ್ ಯಂತ್ರದಲ್ಲಿ ಬಾಲಕ್ಕೆ ಮೂರೇ ಅಕ್ಷರ, ಹಾಗಾಗಿ ಎಚ್‌ಟಿಎಂ. ಯುನಿಕ್ಸಿನಲ್ಲಿ ಎಚ್‌ಟಿಎಂಎಲ್. ಅಲ್ಲಿ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಕೋಷ್ಟಕದಲ್ಲಿ ಇಲ್ಲದ ಹೊಸ ಬಾಲ ಬಂದರೆ ಅಪಾಚೆ ಸುಮ್ಮನೆ ಟೆಕ್ಸ್ಟ್/ಪ್ಲೇನ್ ಅಂದುಬಿಡುತ್ತಿತ್ತು. ಬ್ರೌಸರಿನಲ್ಲಿ ಹಾಡಿನ ಬದಲು ಪರದೆ ತುಂಬ ಕಸ. ಬಲ್ಲವರು ಆಡ್‌ಟೈಪ್ ಎಂಬ ಒಂದು ಸಾಲು ಸೇರಿಸಿ ಸರಿಮಾಡುತ್ತಿದ್ದರು, ತಿಳಿಯದವರು ಫೈಲನ್ನೇ ಮತ್ತೆ ಮತ್ತೆ ಏರಿಸುತ್ತಾ ಕೂರುತ್ತಿದ್ದರು.

ಉದಾರತೆಯ ಬೆಲೆ

ಪೋಸ್ಟೆಲ್ಲರ ಹೆಸರಿನಲ್ಲಿ ಒಂದು ಸೂತ್ರವೇ ಇದೆ. 1980ರ ಟಿಸಿಪಿ ದಾಖಲೆಯಲ್ಲಿ ಅವರು ಬರೆದಿಟ್ಟದ್ದು. ನೀನು ಕಳಿಸುವಾಗ ಕಟ್ಟುನಿಟ್ಟಾಗಿರು, ಬೇರೆಯವರಿಂದ ಬಂದದ್ದನ್ನು ತೆಗೆದುಕೊಳ್ಳುವಾಗ ಉದಾರವಾಗಿರು ಅನ್ನೋದು ಅದರ ಭಾವ. ಹತ್ತಾರು ಬಗೆಯ ಯಂತ್ರಗಳು, ಹತ್ತಾರು ಜನ ಬರೆದ ಕೋಡು. ಚಿಕ್ಕಪುಟ್ಟ ತಪ್ಪಿಗೆಲ್ಲ ಬಾಗಿಲು ಹಾಕುತ್ತಿದ್ದರೆ ಇಂಟರ್ನೆಟ್ ಬೆಳೆಯುತ್ತಲೇ ಇರಲಿಲ್ಲ.

ಆದರೆ ಲೋಕ ಈ ಸೂತ್ರದ ಎರಡನೇ ಅರ್ಧವನ್ನಷ್ಟೇ ಬಾಯಿಪಾಠ ಮಾಡಿತು. ಸರ್ವರ್‌ಗಳು ತಪ್ಪು ಬಗೆ ಹೇಳುತ್ತವೆ ಅಂತ ಗೊತ್ತಾದ ಮೇಲೆ ಕೆಲವು ಬ್ರೌಸರ್‌ಗಳು, ಮುಖ್ಯವಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್, ಹೇಳಿದ್ದನ್ನು ಬಿಟ್ಟು ಫೈಲಿನ ಒಳಗೇ ಮೂಸಿ ನೋಡಿ ತಾವೇ ಊಹಿಸತೊಡಗಿದವು. ಬಳಸುವವರಿಗೆ ಖುಷಿ, ಯಾಕಂದರೆ ತಪ್ಪಿದ್ದರೂ ಪುಟ ಬರುತ್ತೆ. ಬರೆದವರಿಗೆ ತಮ್ಮ ತಪ್ಪು ಗೊತ್ತೇ ಆಗಲ್ಲ. ಕೊನೆಗೆ ಇದು ಕಳ್ಳರಿಗೂ ದಾರಿಯಾಯಿತು. ಚಿತ್ರ ಅಂತ ಏರಿಸಿದ ಫೈಲಿನೊಳಗೆ ಸ್ಕ್ರಿಪ್ಟ್ ಬಚ್ಚಿಟ್ಟರೆ, ಮೂಸಿ ನೋಡುವ ಬ್ರೌಸರ್ ಅದನ್ನು ಪುಟ ಅಂತ ಭಾವಿಸಿ ಓಡಿಸಿಬಿಡುತ್ತಿತ್ತು. ಅದಕ್ಕೇ ಇವತ್ತು ಸರ್ವರ್‌ಗಳು ದಯವಿಟ್ಟು ಮೂಸಬೇಡ ಅಂತ ಹೇಳೋಕೆ ನೋಸ್ನಿಫ್ ಎಂಬ ಪ್ರತ್ಯೇಕ ಸಾಲನ್ನೇ ಕಳಿಸಬೇಕಾಗಿದೆ. ಉದಾರತೆ ಅತಿಯಾದರೆ ಪ್ರೊಟೊಕಾಲ್ ಕೊಳೆಯುತ್ತೆ ಅಂತ ಎಚ್ಚರಿಸುವ ಆರ್‌ಎಫ್‌ಸಿಯೂ 2023ರಲ್ಲಿ ಬಂದಿದೆ.

ಹಾಗಾದರೆ ಪೋಸ್ಟೆಲ್ ತಪ್ಪಿದರಾ? ನನಗೇನೋ ಹಾಗನ್ನಿಸಲ್ಲ. ಕಟ್ಟುನಿಟ್ಟಾಗಿ ಕಳಿಸು ಅನ್ನೋ ಮೊದಲ ಅರ್ಧವನ್ನು ಅವರು ಬರೆದಿದ್ದರು, ತಮ್ಮ ಕಡತದಲ್ಲಿ ಅದನ್ನು ಬದುಕಿಯೂ ತೋರಿಸಿದ್ದರು. ಸೋತದ್ದು ನಮ್ಮಂಥವರು, ಟೆಕ್ಸ್ಟ್/ಪ್ಲೇನ್ ಅಂತ ಬರೆದು ನಡೆಯುತ್ತೆ ಬಿಡು ಅಂದುಕೊಂಡವರು.

ಕಡತ ಯಾರದ್ದು?

90ರ ದಶಕದ ನಡುವಿಗೆ ಹೆಸರುಗಳಲ್ಲಿ ಹಣ ಕಾಣಿಸಿತು. ಅಮೆರಿಕ ಸರ್ಕಾರದ ಗುತ್ತಿಗೆ ಹಿಡಿದಿದ್ದ ನೆಟ್‌ವರ್ಕ್ ಸಲ್ಯೂಷನ್ಸ್ ಕಂಪನಿ 1995ರಿಂದ ಡಾಟ್ ಕಾಮ್ ಹೆಸರಿಗೆ ವರ್ಷಕ್ಕೆ 50 ಡಾಲರ್ ವಸೂಲಿ ಶುರುಮಾಡಿತು. ಎಲ್ಲ ಹೆಸರುಗಳ ಮೂಲ ಪಟ್ಟಿ ಇರುವ ಮುಖ್ಯ ರೂಟ್ ಸರ್ವರ್ ಕೂಡ ಆ ಕಂಪನಿಯ ಕೈಯಲ್ಲೇ ಇತ್ತು. ಈ ಪಟ್ಟಿಯ ಮೇಲೆ ಕೊನೆಯ ಮಾತು ಯಾರದ್ದು? ಕಂಪನಿಯದ್ದಾ, ಸರ್ಕಾರದ್ದಾ, ಇಷ್ಟು ವರ್ಷ ಅದನ್ನು ಸಾಕಿದ ಎಂಜಿನಿಯರುಗಳದ್ದಾ? ಲಿಖಿತ ಹಕ್ಕುಪತ್ರ ಪೋಸ್ಟೆಲ್ಲರ ಬಳಿ ಇರಲಿಲ್ಲ. ಇದ್ದದ್ದು ಜನರ ನಂಬಿಕೆ ಮಾತ್ರ.

1998ರ ಜನವರಿ 28ರಂದು ಅವರು ಒಂದು ಇಮೇಲ್ ಬರೆದರು. ಸರ್ಕಾರದ ಕೈಯಲ್ಲಿಲ್ಲದ ಎಂಟು ರೂಟ್ ಸರ್ವರ್‌ಗಳನ್ನು ನಡೆಸುವವರಿಗೆ, ಇನ್ನು ಮುಂದೆ ಮೂಲ ಪಟ್ಟಿಯನ್ನು ಕಂಪನಿಯ ಯಂತ್ರದಿಂದ ಬೇಡ, ಐಯಾನಾ ಯಂತ್ರದಿಂದ ತೆಗೆದುಕೊಳ್ಳಿ ಅಂತ. ಎಂಟೂ ಜನ ಮಾತಾಡದೆ ಬದಲಿಸಿಬಿಟ್ಟರು! ಬಳಸುವವರಿಗೆ ಏನೂ ಗೊತ್ತಾಗಲಿಲ್ಲ, ಯಾಕಂದರೆ ಎರಡೂ ಪಟ್ಟಿಗಳು ಒಂದೇ ಆಗಿದ್ದವು. ಆದರೆ ವಾಷಿಂಗ್ಟನ್ನಿನಲ್ಲಿ ಗಾಬರಿ ಹತ್ತಿತು. ಅಧ್ಯಕ್ಷ ಕ್ಲಿಂಟನ್ನರ ಸಲಹೆಗಾರ ಐರಾ ಮಗಜೀನರ್ ಕಡೆಯಿಂದ ಒತ್ತಡ ಬಂತು. ಇದೊಂದು ಪರೀಕ್ಷೆ ಅಷ್ಟೇ ಅಂತ ಪೋಸ್ಟೆಲ್ ತಿಳಿಸಿದರು. ಒಂದೆರಡು ವಾರದೊಳಗೆ ಎಲ್ಲವೂ ಹಳೆಯ ಸ್ಥಿತಿಗೆ ಮರಳಿತು.

ಅದು ನಿಜಕ್ಕೂ ಪರೀಕ್ಷೆಯಾ, ಪ್ರತಿಭಟನೆಯಾ ಅನ್ನೋ ವಾದ ಈಗಲೂ ಇದೆ. ಏನೇ ಇರಲಿ, ಒಂದು ಮಾತಂತೂ ಸ್ಪಷ್ಟವಾಯಿತು. ಒಬ್ಬ ಮನುಷ್ಯನ ಒಂದು ಇಮೇಲಿಗೆ ಜಗತ್ತಿನ ಹೆಸರಿನ ವ್ಯವಸ್ಥೆ ತಲೆಬಾಗುತ್ತದೆ ಅಂದರೆ, ಆ ಮನುಷ್ಯ ಎಷ್ಟೇ ಒಳ್ಳೆಯವರಾಗಿರಲಿ, ಅದು ಶಾಶ್ವತ ಏರ್ಪಾಡಲ್ಲ. ಪೋಸ್ಟೆಲ್ಲರಿಗೂ ಇದು ಗೊತ್ತಿತ್ತು. ಆ ವರ್ಷವೆಲ್ಲ ಅವರು ದುಡಿದದ್ದು ತಮ್ಮ ಕೆಲಸವನ್ನು ಒಂದು ಸಂಸ್ಥೆಗೆ ಒಪ್ಪಿಸೋಕೆ. ಆ ಸಂಸ್ಥೆಯೇ ಐಕಾನ್. ಅದು ನೋಂದಣಿಯಾದದ್ದು 1998ರ ಸೆಪ್ಟೆಂಬರ್ 30ರಂದು.

ಪೋಸ್ಟೆಲ್ಲರಿಗೆ ಹೃದಯದ ಕವಾಟದ ತೊಂದರೆ ಮೊದಲಿನಿಂದ ಇತ್ತು. 1991ರಲ್ಲೇ ಒಮ್ಮೆ ಶಸ್ತ್ರಚಿಕಿತ್ಸೆ ಆಗಿತ್ತು. ಐಕಾನ್ ಹುಟ್ಟಿದ ಹದಿನಾರೇ ದಿನಕ್ಕೆ, ಅಕ್ಟೋಬರ್ 16ರಂದು, ಮತ್ತೊಂದು ಹೃದಯ ಚಿಕಿತ್ಸೆಯ ನಂತರದ ತೊಡಕಿನಿಂದ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ವಯಸ್ಸು 55. ಅವರ ಗೆಳೆಯ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಪತ್ರಿಕೆಯಲ್ಲಲ್ಲ, ಆರ್‌ಎಫ್‌ಸಿಯಾಗಿಯೇ ಪ್ರಕಟವಾಯಿತು, ನಂಬರ್ 2468. ಅಷ್ಟು ವರ್ಷ ಎಲ್ಲರ ಬರಹಕ್ಕೂ ನಂಬರ್ ಹಾಕಿದವರ ಸಾವಿಗೂ ಒಂದು ನಂಬರ್ ಬಿತ್ತು. ಇಂಟರ್ನೆಟ್ ಸೊಸೈಟಿ ಅವರ ಹೆಸರಿನಲ್ಲಿ ಪ್ರಶಸ್ತಿ ಶುರುಮಾಡಿ, 1999ರಲ್ಲಿ ಮೊದಲನೆಯದನ್ನು ಅವರಿಗೇ ಮರಣೋತ್ತರವಾಗಿ ಕೊಟ್ಟಿತು.

ಮೀಡಿಯಾ ಟೈಪುಗಳ ಪಟ್ಟಿ ಇಂದಿಗೂ ಐಯಾನಾದಲ್ಲೇ ಇದೆ. ಕ್ಯಾರಕ್ಟರ್ ಸೆಟ್ಟುಗಳದ್ದೂ ಅಲ್ಲೇ, ಅದರಲ್ಲೇ ನಮ್ಮ ಕನ್ನಡವನ್ನು ಹೊತ್ತು ತರುವ ಯುಟಿಎಫ್-8 ಕೂಡ. ಮುಂದಿನ ಸಲ ನಿಮ್ಮ ಪುಟ ತೆರೆಯದೆ ಡೌನ್‌ಲೋಡ್ ಆದರೆ, ಅಥವಾ ಕನ್ನಡ ಕಸವಾಗಿ ಕಂಡರೆ, ಕೋಡನ್ನು ಬೈಯುವ ಮೊದಲು ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಭಾಗ ತೆರೆದು ಕಂಟೆಂಟ್-ಟೈಪ್ ಏನಿದೆ ಅಂತ ಒಮ್ಮೆ ನೋಡಿ. ತಪ್ಪಿದ್ದರೆ ಬ್ರೌಸರ್ ಹೇಗೋ ಊಹಿಸಿಕೊಳ್ಳುತ್ತೆ ಅಂತ ಬಿಡಬೇಡಿ, ಸರ್ವರ್‌ನಲ್ಲೇ ತಿದ್ದಿ. ನಮ್ಮ ಲ್ಯಾಬಿನ ಆ ಪುಟ್ಟ ಸರ್ವರ್‌ನಲ್ಲಿ ಬಗೆಗಳ ಕೋಷ್ಟಕ ಇರುವ ಫೈಲಿಗೆ ನಾವು ಈಗ ಪೋಸ್ಟೆಲ್ ಅಂತಲೇ ಹೆಸರಿಟ್ಟಿದ್ದೇವೆ.